ಅವಾಜ ಇಲ್ಲದ ಗಾಡಿ

ರೂಪಾಲಿ, ಆ ಬಾಗಲಾ ಜರಾ ಮುಂದ ಮಾಡವ್ವ... ಹಾಂ, ಸಾಕು. ಇನ್ನ ಕೇಳ್ರಿ. ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಸ್ವಾದರಮಾವನ ಮಗ ಕಲ್ಲಿನಾಥ ಅದಾನಲ್ಲ, ಹುಮನಾಬಾದದಾಗ ಗಾಡಿ ರಿಪೇರಿ ಅಂಗಡಿ ಇಟ್ಟಾನ, ಅವನ ಕಣ್ಣ ಮುಂದ ಆದದ್ದು.

ರಾಜೇಶ್ವರದಾಗ ಗೋವರ್ಧನ ಅಂತ ಒಬ್ಬ ಅದಾನ. ಕುರಿ ವ್ಯಾಪಾರ. ಕರೆಂಟಿನ ಮೋಟರ್ ಸೈಕಲ್ ತಗೊಂಡಿದ್ದ. ಪೆಟ್ರೋಲ ಬೇಕಿಲ್ಲ, ಹೊಗಿ ಇಲ್ಲ, ಅವಾಜ ಅಂತೂ ಮೊದಲೇ ಇಲ್ಲ. ಓಡುವಾಗ ಚೈನಿನ ಸಪ್ಪಳ ಅಷ್ಟ... ಸರ್ರ್ ಅಂತ.

ಒಂದಿನಾ ದೀಪಾ ಹಚ್ಚೋ ಹೊತ್ತು ಮೀರಿತ್ತು. ಹುಮನಾಬಾದದಿಂದ ಊರಿಗಿ ಬರಾಕತ್ತಿದ್ದ. ಹಾದ್ಯಾಗ ಒಂದು ಹಾಳಬಾವಿ, ಬಾಜೂಕ ಆಲದ ಮರ. ಅಲ್ಲಿಗಿ ಬಂದಾನ... ಕಾಲ ಕೆಳಗ ಕಟ್... ಕಟ್... ಕರ್ರ್. ಗಾಡಿ ಜಗ್ಗಿ ನಿಂತಬಿಡ್ತು.

ಇಳದು ನೂಕಾಕ ಹತ್ತಿದ. ಖಾಲಿ ಗಾಡಿ. ಆದ್ರ ಹಿಂದ ಯಾರೋ ಕುಂತಂಗ ಭಾರ. ಹೊಳ್ಳಿ ನೋಡಿದ... ಯಾರೂ ಇಲ್ಲ. ಮತ್ತ ನೂಕಿದ. ಆವಾಗ ಹೆಗಲಿನ ಹಿಂದ, ಕಿವಿಗಿ ಹತ್ತಿ, ಒಂದು ಪಿಸುಮಾತು.

"ನಿಲ್ಲಸ್ರಿ..."

ಆ ದನಿ ಅವನ ಹೇಂತಿ ಕಾಜಲಂದು. ಕಾಜಲ ಸತ್ತು ವರ್ಷ ಆಗಿತ್ತು.

ಹ್ಯಾಂಗ ಸತ್ತಳು ಅಂತ ಕೇಳಬೇಕಲ್ಲ? ಅದೇ ಗಾಡಿಲಿಂದ.

ಗಾಡಿ ಹೊಸಾದು ಇದ್ದಾಗ ಆಕಿ ತಾನೇ ಕಲ್ಲಿನಾಥನ ಅಂಗಡಿಗಿ ಬಂದಿದ್ಳು. "ಅಣ್ಣಾ, ಹಿಂದಿನ ಗಾಲಿಗಿ ಸೀರಿ ಗಾರ್ಡ್ ಹಚ್ಚಿಕೊಡು. ಚೈನಿಗಿ ನನ್ನ ಸೆರಗ ಸಿಗತದಂತ ಅಂಜಿಕಿ ಬರತದ" ಅಂದ್ಳು. ಇವನೂ ಒಂದು ಗಟ್ಟಿ ಜಾಳಗಿ ಕೂಡಿಸಿ ಕೊಟ್ಟ. ಗೋವರ್ಧನ ಮನ್ಯಾಗ ಅದನ್ನ ನೋಡಿದವನೇ ಪಾನಾ ತಗೊಂಡು ಬಿಚ್ಚಿ ಒಗದ. ಗಾಡಿ ಚಂದ ಕೆಡಸ್ತಾಳಂತ ಆಕಿಗೇ ಬೈದ.

ಆಮ್ಯಾಲ ಒಮ್ಮಿ ಇಬ್ಬರೂ ಬಸವಕಲ್ಯಾಣಕ್ಕ ಬೀಗರ ಮನಿ ತೊಟ್ಟಲ ಕಾರ್ಯಕ್ಕ ಹೋಗಿದ್ರು. ಹೊಳ್ಳಿ ಬರುವಾಗ ಆಕಿ ಸೆರಗ ಚೈನಿನಾಗ ಸಿಕ್ಕಿತು. ಆಕಿ ಬಿದ್ದಳು. ಗಾಡಿ ನಿಲ್ಲಲಿಲ್ಲ, ಎಳಕೊಂಡು ಹೋತು. ಹಿಂದ ಕಬ್ಬಿನ ಟ್ರ್ಯಾಕ್ಟರಿನವರು ಬಂದು ನೋಡೋದ್ರಾಗ ಜೀವ ಇರಲಿಲ್ಲ.

"ಆಕಿ ಕೂಗಿದ್ದು ನನಗ ಕೇಳಲೇ ಇಲ್ಲ" ಅಂದ ಗೋವರ್ಧನ. ಎಲ್ಲಾರೂ ಹೌದು ಅಂದ್ರು. ಅಪಘಾತ ಅಂದ್ರು. ಮಣ್ಣಿಗಿ ಹೋದ ಕಲ್ಲಿನಾಥ ಒಬ್ಬನೇ ನಂಬಲಿಲ್ಲ. ಪೆಟ್ರೋಲ್ ಗಾಡಿ ಆಗಿದ್ರ ನಂಬತಿದ್ದ. ಈ ಗಾಡಿ ಮ್ಯಾಲ ಹಿಂದ ಕುಂತಾಕಿ ಉಸರ ಬಿಟ್ರೂ ಮುಂದಿನವನಿಗಿ ಕೇಳತದ.

ಹಾಂ... ಬಾವಿ ಹತ್ರ ಗಾಡಿ ನಿಂತ ಮರದಿನಾ, ಗೋವರ್ಧನ ಅದನ್ನ ಟೆಂಪೋದಾಗ ಹೇರಕೊಂಡು ಕಲ್ಲಿನಾಥನ ಅಂಗಡಿಗೇ ಬಂದ. ಕರೆಂಟ್ ಗಾಡಿ ಬಿಚ್ಚಾವ ಅಲ್ಲಿ ಇವನೊಬ್ಬನೇ. ಮುಖಾ ಸುಣ್ಣಾ ಬಡದಂಗ ಆಗಿತ್ತು. ಬಾವಿ ಹತ್ರ ಕೇಳಿದ್ದು ಹೇಳಿದ, ತಾನೇ ನಕ್ಕ.

"ಏನೋ ಭ್ರಮಿ. ಮುಂದಿನ ಸ್ಪ್ರಾಕೆಟ್ ಹೋಗಿರಬೇಕು. ಬದಲಿ ಮಾಡಿಬಿಡು."

ಸ್ಪ್ರಾಕೆಟ್ ಅಂದ್ರ ಮೋಟರಿಗಿ ಹತ್ತಿದ ಸಣ್ಣ ಹಲ್ಲಿನ ಚಕ್ರ. ಅದು ತಿರಗಿದ್ರ ಚೈನು ಓಡತದ, ಚೈನು ಓಡಿದ್ರ ಹಿಂದಿನ ಗಾಲಿ. ಕಲ್ಲಿನಾಥ ಗಾಡಿ ಸ್ಟ್ಯಾಂಡಿಗಿ ಹಾಕಿದ. ಮೊದಲ ಬ್ಯಾಟರಿ ಬಿಚ್ಚಿದ, ಎತ್ತಿ ದೂರ ಕಟ್ಟಿ ಮ್ಯಾಲ ಇಟ್ಟ. ಅಂವ ಯಾವಾಗಲೂ ಹಂಗೇ ಮಾಡಾಂವ. ಆಮ್ಯಾಲ ಬಾಜೂಕಿನ ಕವರ್ ತಗದ.

ಹಲ್ಲು ಒಂದೂ ಸವದಿರಲಿಲ್ಲ. ಖರೇ, ಹೊಸಾವಿದ್ದಂಗ ಇದ್ದವು. ಆದ್ರ ಚಕ್ರದ ಹಿಂದ, ಮೋಟರಿನ ಸಂದ್ಯಾಗ, ಅರಬಿ ಸುತ್ತಿಕೊಂಡಿತ್ತು. ಗಿಳಿಹಸರು ಬಣ್ಣದ್ದು. ಕಾಜಲ ಬಸವಕಲ್ಯಾಣಕ್ಕ ಉಟಗೊಂಡು ಹೋದ ಸೀರಿ ಬಣ್ಣ. ಆಕಿ ಸತ್ತ ಮ್ಯಾಲ, ಹ್ವಾದ ಹಬ್ಬಕ್ಕ ಇವನೇ ಈ ಕವರ್ ಬಿಚ್ಚಿ ತೊಳದಾಗ ಅಲ್ಲಿ ಏನೂ ಇರಲಿಲ್ಲ. ಪಕ್ಕಡ ಹಚ್ಚಿ ಎಳದ. ಚೂರು ಬಂತು... ಮತ್ತ ಚೂರು ಬಂತು. ಹಸಿ ಆಗಿತ್ತು. ಬೆರಳಿಗಿ ಕೆಂಪ ಹತ್ತಿತು.

ಆವಾಗ ಕೇಳಿತು. ಬಗ್ಗಿದ ತಲಿ ಹತ್ರ, ಮೆಲ್ಲಕ.

"ಅಣ್ಣಾ... ನೀ ಕೈ ತಗಿ."

ಕಲ್ಲಿನಾಥ ಕೈ ತಗದ. ತಗದು ಗೋಡಿಗಿ ಬೆನ್ನ ಹಚ್ಚಿ ನಿಂತ.

"ಯಾಕ, ಏನಾತು?" ಅಂದ ಗೋವರ್ಧನ. ಅವನಿಗಿ ಏನೂ ಕೇಳಿರಲಿಲ್ಲ. "ಅರಬಿ ಅಲ್ಲೇ ಅದ ನೋಡು. ಎಳಿ."

"ಬ್ಯಾಡ ಗೋವರ್ಧನ. ಮುಟ್ಟಬ್ಯಾಡ."

"ಬ್ಯಾಟರಿ ಅಲ್ಲಿ ಅದ. ಕೀಲಿ ನನ್ನ ಕಿಸೆದಾಗ ಅದ. ಏನ ಆಗತದ?"

ಬಗ್ಗಿದ. ಬಲಗೈ ಹಾಕಿದ.

ಮೋಟರ್ ಹುಂಂಂ... ಅಂತು.

ಬ್ಯಾಟರಿ ಇಲ್ಲದ ಮೋಟರ್. ಚೈನು ಸರ್ರ್ ಅಂತು. ಆಮ್ಯಾಲ ಕಟಕ್, ಕಟಕ್, ಕಟಕ್... ಹಸಿ ಕಬ್ಬು ಮುರದಂಗ. ಗೋವರ್ಧನ ನೆಲಕ್ಕ ಬಿದ್ದ. ಕೈ ಮಾತ್ರ ಮ್ಯಾಲೇ ಇತ್ತು, ಒಳಗ. "ನಿಲ್ಲಸೋ... ಕಲ್ಲಿನಾಥ, ನಿಲ್ಲಸೋ..." ಅನ್ನಾಕತ್ತ. ಏನ ನಿಲ್ಲಸಬೇಕು? ಬಂದ್ ಮಾಡಾಕ ಅಲ್ಲಿ ಚಾಲೂ ಇದ್ದದ್ದೇ ಇಲ್ಲ. ಕಲ್ಲಿನಾಥ ಬ್ರೇಕ್ ಒತ್ತಿದ, ನಿಲ್ಲಲಿಲ್ಲ. ಗಾಲ್ಯಾಗ ಕಬ್ಬಣದ ಸರಳ ಹಾಕಿದ, ಅದು ಸಿಡದು ತಗಡಿಗಿ ಬಡೀತು. ಗಾಲಿ ತಿರಗೇ ತಿರಗ್ತು. ತನಗ ಸಾಕನ್ನಿಸಿದಾಗ ನಿಂತಿತು.

ಕೈಗಿ ಧೋತರಾ ಸುತ್ತಿ ಆಟೋದಾಗ ಹಾಕ್ಕೊಂಡು ದವಾಖಾನಿಗಿ ಓಡಿದ್ರು. ಹಾದ್ಯಾಗ ಗೋವರ್ಧನ ಕಲ್ಲಿನಾಥನ ಅಂಗಿ ಹಿಡದು, ಕಣ್ಣ ಮುಚ್ಚಿಕೊಂಡೇ ಹೇಳಿದ.

"ಅವತ್ತ ನನಗ ಕೇಳಿತ್ತು... ನಿಲ್ಲಸ್ರಿ, ನಿಲ್ಲಸ್ರಿ ಅಂದ್ಳು. ಬೀಗರ ಮನ್ಯಾಗ ಎದರಾಡಿದ್ಳು, ಸಿಟ್ಟ ಇತ್ತು. ಜರಾ ಎಳಸ್ಕೊಳ್ಳಿ, ಬುದ್ಧಿ ಬರತದ ಅಂದಕೊಂಡೆ... ಇನ್ನೂ ಜೋರ ಬಿಟ್ಟೆ."

ಎಕ್ಸಲೇಟರ್ ತಿರುವಿದ ಕೈ ಅದು. ಹೆಬ್ಬೆರಳ ಬಿಟ್ಟು ಏನೂ ಉಳೀಲಿಲ್ಲ.

ಗಾಯ ಮಾಯ್ದ ಮ್ಯಾಲ ಕಲ್ಲಿನಾಥ ಅವನನ್ನ ಕೊಹಿನೂರ ಅನ್ನೋ ಹಳ್ಳಿಗಿ ಕರಕೊಂಡು ಹೋದ, ಕಾಜಲನ ಅವ್ವ ಧೂಳಮ್ಮನ ಹತ್ರ. ಆಕಿ ಮುಂದ ಎಲ್ಲಾ ಹೇಳಿಸಿದ. ಧೂಳಮ್ಮ ಅಳಲಿಲ್ಲ, ಬೈಯಲಿಲ್ಲ. ಆಡಿಗಿ ತಪ್ಪಲಾ ಹಾಕೋದು ಬಿಡಲೂ ಇಲ್ಲ.

"ಗೊತ್ತಿತ್ತು" ಅಂದ್ಳು. "ಆಕಿ ಹೇಳ್ಯಾಳ."

ಗಾಡಿ ಯಾರೂ ಕೊಳ್ಳಲಿಲ್ಲ. ಹಳೇ ಕಬ್ಬಣ ಕೊಳ್ಳೋ ಮೋಡಕಾದವನೂ ಮುಟ್ಟಲಿಲ್ಲ. ಗೋವರ್ಧನನ ಕೊಟ್ಟಗ್ಯಾಗ ನಿಂತದ, ಬ್ಯಾಟರಿ ಇಲ್ಲದ್ದು. ಸುಳ್ಳ ಅಂತೀರೇನ? ಮೊನ್ನಿ ನಾ ರಾಜೇಶ್ವರಕ್ಕ ಹೋದಾಗ ಒಳಗ ಹೋಗಿ ಕಣ್ಣಾರೆ ನೋಡೀನಿ. ಹ್ಯಾಂಡಲ್ ಮ್ಯಾಲ, ಗಾಲಿ ಮ್ಯಾಲ, ಮುಂದಿನ ಸೀಟಿನ ಮ್ಯಾಲ ಬೆರಳ ಮುಳಗೋವಷ್ಟು ಧೂಳ ಕುಂತದ. ಹಿಂದಿನ ಸೀಟ ಮಾತ್ರ ಒರಿಸಿದಂಗ ಸ್ವಚ್ಛ ಅದ. ಮುಟ್ಟಿ ನೋಡಿದೆ... ಬೆಚ್ಚಗಿತ್ತು.