ಮೈಕಿನ ದರದಾಗ ಹಗ್ಗದ ರೊಕ್ಕ

ಅದನ್ನ, ಅದ ಮಾತನ್ನ ನಿಮ್ಮ ಅಜ್ಜನೂ ಅಂತಿದ್ರು ನೋಡ ಬಸ್ಯಾ, ಈಗ ನೀ ಫೋನಿನ್ಯಾಗ ಮೈಕಿನ ದರಾ ಕೇಳಿದ ಕಿತ್ತೂರ ಪಾರ್ಟಿಗೆ ಅಂದೆಲ್ಲ, "ನಿಮಗ ತಿಳದಷ್ಟ ಕೊಡ್ರಿ, ನೀವೇನ್ ಹೊರಗಿನವ್ರ?" ಅಂತ. ಬಾ, ಇಲ್ಲೆ ಕಟ್ಟಿ ಮ್ಯಾಲ ಕೂಡು. ಸವಿತಾ, ನೀನೂ ಬಾರ ಯವ್ವಾ, ಆ ಶೇಂಗಾ ಬುಟ್ಟಿ ತಾ, ಸುಲಕೋಂತ ಕೇಳ್ರಿ ಇಬ್ಬರೂ. ನಿನ್ನ ಕಡೆ ಈಗ ಆಳೆತ್ತರದ ಸ್ಪೀಕರ್ ಅದಾವು, ಮಿಕ್ಸರ್ ಐತಿ, ಹೇರಾಕ ಗಾಡಿ ಐತಿ. ನಮ್ಮ ಕಡೆ ಏನಿತ್ತು? ಬೈಲಹೊಂಗಲ ಬಜಾರದಾಗ ಒಂದ ಬಾಗಲದ ಅಂಗಡಿ, ಒಂದ ಆಂಪ್ಲಿಫೈಯರು, ಎರಡ ಮೈಕು, ನಾಕ ಭೋಂಗಾ, ತುತ್ತೂರಿ ಬಾಯಿ ಹಳೇ ಸ್ಪೀಕರು. ನಾಕಲ್ಲ, ಮೂರು. ಒಂದು ಸುಟ್ಟ ಹೋಗಿತ್ತು, ಬರೇ ತೋರಿಕಿಗೆ ಕಟ್ಟತಿದ್ರು. ಅಷ್ಟಕ್ಕ ನನ್ನ ತವರಮನಿ ಬಂಗಾರದ ಪಾಟಲಿ ಬಳಿ ಎರಡೂ ಹೋಗಿದ್ವು.

ನಿಮ್ಮ ಅಜ್ಜ ಕೆಲಸದಾಗ ಹುಲಿ. ಭೋಂಗಾ ಕಟ್ಟಾಕ ಗಿಡಾ ಏರಿದ್ರಂದ್ರ ತುದಿ ಮುಟ್ಟೇ ಇಳೀಬೇಕು. ಆದ್ರ ದರ ಏನಪಾ ಅಂತ ಕೇಳಿದ್ರ ಸಾಕು, ನೆಲಾ ನೋಡತಿದ್ರು. "ಮದಿವಿ ಮನಿಯವ್ರ ಮುಂದ ರೊಕ್ಕದ ಮಾತ ಹೆಂಗ ತಗೀಲೇ, ಚಂದ ಕಾಣತೈತೇನ?" ಅಂತಿದ್ರು. ಅವ್ರೂ ತಿಳದ ಕೊಡತಿದ್ರಪ್ಪಾ! ಒಂದ ಟವೆಲ್ಲು, ಒಂದ ಕಾಯಿ, ನಾಕ ಬುಂದೆ ಉಂಡಿ, ಮ್ಯಾಲ ಇಪ್ಪತ್ತ ರೂಪಾಯಿ. ಕೊಡುಮುಂದ ಬೆನ್ನ ಚಪ್ಪರಸೂದ ಬ್ಯಾರೆ. ಮನ್ಯಾಗ ಹದಿನೆಂಟ ಟವೆಲ್ ಇದ್ವು, ಜ್ವಾಳ ಇರಲಿಲ್ಲ. ಟವೆಲ್ ಬೀಸಿ ರೊಟ್ಟಿ ಮಾಡಾಕ ಬರತೈತೇನೋ?

ಹಿಂಗಿದ್ದಾಗ ಶ್ರಾವಣ ಬಂತು. ಮನೋಳಿ ದಾಟಿ ಒಂದ ಹಳ್ಳಿ, ಅಲ್ಲೆ ತಿಂಗಳ ತನಕ ದಿನಾ ಸಂಜಿಮುಂದ ಪ್ರವಚನ. ಅದ ಕೈ ಹತ್ತಿದ್ರ ಸುತ್ತ ಊರಿನ ಕೆಲಸೆಲ್ಲ ನಮಗ, ಇಲ್ಲಂದ್ರ ಅಂಗಡಿ ಬಾಗಲಾ ಹಾಕೂದ, ಆ ಪರಿಸ್ಥಿತಿ. ಊರ ಗೌಡ್ರು ಕೇಳಿದ್ರು, "ದಿನಕ್ಕ ಏನ್ ತಗೋತಿಪಾ?" ಇವ್ರು ಅದ ಮಾತು, "ತಿಳದ ಕೊಡ್ರಿ." ಅವ್ರು ಅರವತ್ತ ಅಂದ್ರು. ಬ್ಯಾಟರಿ ಚಾರ್ಜಿಗೆ, ಬಸ್ಸಿಗೆ, ಹೇರಿದ ಹಮಾಲಗ ಕೊಟ್ರ ಕೈಯಾಗ ಏನ್ ಉಳೀತು? ನಾ ಅಂದ್ನಿ, "ರೀ, ಹಗ್ಗ ಪಿಸದಾವು, ಹರಿಯೂಹಂಗ ಆಗ್ಯಾವು, ಹೊಸಾವ ತರೂಣು." "ಈ ತಿಂಗಳ ಸಾಗಲಿ ತಡೀಲೇ" ಅಂದ್ರು.

ನಾ ಆಂಪ್ಲಿಫೈಯರ್ ಮುಂದ ಕೂಡತಿದ್ನಿ, ಅವ್ರು ಸ್ವಾಮಿಗಳ ಕಡೆ ಮೈಕ್ ನೋಡತಿದ್ರು. ಮೂರನೇ ದಿನ ಜೋರ ಗಾಳಿ ಬಿಟ್ಟಿತ್ತು, ನೋಡ್ರಿ. ಯಾಕೋ ಬೇವಿನ ಗಿಡದ ಕಡೆ ಕಣ್ಣ ಹೋತು. ಭೋಂಗಾ ಬಾಯಿ ಕೆಳಗ ಮಾಡಿತ್ತು. ಹಗ್ಗದ ಒಂದೊಂದ ಎಳಿ ಬಿಚ್ಚಾಕತ್ತಿತ್ತು. ಕೆಳಗ ಯಾರು? ನೀಲವ್ವ ಅಂತ ಆ ಊರ ಮುದುಕಿ, ಬೊಡ್ಡಿಗೆ ಆತು ಕುಂತು ತೊಡಿ ಮ್ಯಾಲ ಎಲಿ ಸಂಚಿ ಬಿಚ್ಚಿದ್ಲು. ಒದರಿದ್ರ ಮಂದಿ ಎದ್ದ ಓಡತಾರ, ಸಣ್ಣ ಹುಡುಗೂರ ಕಾಲಾಗ ಸಿಗತಾವು. ಸುಮ್ನ ಎದ್ನಿ. ಕುಂತ ಹೆಂಗಸರ ನಡುವ ಕಾಲ ಇಡಾಕ ಜಾಗ ಇಲ್ಲ, "ಏ ನೋಡಿ ಹೋಗವಾ" ಅಂತ ಬೈಸಿಕೋಂತ, ಕಣ್ಣ ಮಾತ್ರ ಮ್ಯಾಲ ಇಟಕೊಂಡ ಹೋದ್ನಿ. ಹೋಗಿ ಮೆಲ್ಲಕ ಅಂದ್ನಿ, "ಆಯಿ, ಇತ್ತಾಗ ಸರೀರಿ." ಅಕಿ ಸರದಾಳೇನ? "ಯಾಕ ಸರೀಲಿ? ನಾಕಕ್ಕ ಬಂದ ಹಿಡದ ಜಾಗಾ ಇದು!" "ಆಯಿ, ಕೈ ಮುಗೀತೇನಿ, ಏಳ್ರಿ." "ಬ್ಯಾರೆ ಕಡೆ ಕೂಡ ಹೋಗ, ಜಾಗಾ ಭಾಳ ಐತಿ." ಮ್ಯಾಲ ಕಟ್ ಅಂತು. ಇನ್ನ ಮಾತ ಸಾಕಂತ ರಟ್ಟಿ ಹಿಡದ ಎಳದ್ನಿ, ಇಬ್ಬರೂ ಉಳ್ಳಿದ್ವಿ. ದಡಲ್ ಅಂತ ಭೋಂಗಾ ಅಕಿ ಕುಂತ ಜಾಗಾದಾಗ ಬಿತ್ತು. ಅಕಿ ಸುಣ್ಣದ ಡಬ್ಬಿ ಅದರ ಬುಡಕ ಚಪಾತಿ ಆಗಿತ್ತು. ಸ್ವಾಮಿಗಳು ಮಾತ ನಿಲ್ಲಿಸಿದ್ರು. ಒಂದ ಕೂಸು ಅಳಾಕತ್ತಿತು.

ಮರುದಿನ ಮುಂಜಾನೆ ಊರ ಪಂಚಾಯ್ತಿ ಕಟ್ಟಿಗೆ ಕರಸಿದ್ರು. ಊರ ಹಿರ್ಯಾರೆಲ್ಲ ಕುಂತಾರ. ಗೌಡ್ರು, "ಪ್ರವಚನ ಕೇಳಸಾಕ ಬಂದೀರೋ, ನಮ್ಮ ಮಂದೀನ ಕೊಲ್ಲಾಕ ಬಂದೀರೋ?" ಅಂದ್ರು. ನಿಮ್ಮ ಅಜ್ಜ ಕೈ ಮುಗದ ನಿಂತಿದ್ರು, ಕಣ್ಣಾಗ ನೀರು. "ತಪ್ಪಾತ್ರಿ ಯಪ್ಪಾ. ಉಳದ ದಿನಾ ಪುಕ್ಕಟೆ ಮಾಡತೇನ್ರಿ." ಪುಕ್ಕಟೆ ಅಂದ್ರ ಮತ್ತ ಅದ ಹಗ್ಗ! ಅಲ್ಲೀ ತನಕ ಹಿರ್ಯಾರ ಮುಂದ ಬಾಯಿ ತಗದಾಕಿ ಅಲ್ಲ ನಾ. ಹೆಂಗ ಬಂತೋ ಮಾತು, "ಪುಕ್ಕಟೆ ಬ್ಯಾಡ್ರಿ ಗೌಡ್ರ. ದಿನಕ್ಕ ನೂರಾ ಹತ್ತ" ಅಂದ್ನಿ.

"ಏನಂದಿ? ಭೋಂಗಾ ಕೆಡವಿ ಮ್ಯಾಲ ದರಾ ಏರಸ್ತಿ?"

"ಹೌದ್ರಿ. ಕೆಡವಿದ್ದು ನಮ್ಮ ತಪ್ಪು, ಒಪ್ಪತೇನಿ. ಅರವತ್ತಕ್ಕ ಒಪ್ಪಿದ್ದೂ ನಮ್ಮ ತಪ್ಪ. ಅದರಾಗ ಹಗ್ಗ ಇರಲಿಲ್ರಿ. ನೂರಾ ಹತ್ತರಾಗ ಹೊಸಾ ಹಗ್ಗ ಐತಿ, ಗಿಡದ ಬುಡಕ ಕಾಯಾಕ ಒಬ್ಬ ಆಳಿನ ಕೂಲಿ ಐತಿ. ಆಗೂದಿಲ್ಲಂದ್ರ ಈಗ ಭೋಂಗಾ ಬಿಚ್ಚತೇವಿ, ಹಿಂದಿನ ಮೂರ ದಿನದ್ದೂ ಬ್ಯಾಡ. ಆದ್ರ ಪಿಸದ ಹಗ್ಗಕ್ಕ ಮತ್ತ ಕಟ್ಟೂದಿಲ್ಲ."

ನಿಮ್ಮ ಅಜ್ಜ ನನ್ನ ಕಡೆ ನೋಡಿದ್ರಲ್ಲ, ನುಂಗೂಹಂಗ! ಮುಗೀತು, ಬಾಗಲಾ ಹಾಕೂದ ಅಂತ ತಿಳಕೊಂಡ್ನಿ. ಆಗ ಹಿಂದಿಂದ ಕೋಲ ಊರಕೋಂತ ನೀಲವ್ವ ಬಂದ್ಲು. "ಗೌಡಾ, ಅಕಿ ಕೇಳಿದ್ದ ಕೊಡೋ. ಇವತ್ತೂ ನಾ ಅದ ಗಿಡದ ಬುಡಕ ಕೂಡಾಕಿ." ಅಂದು, ನನ್ನ ಕಡೆ ತಿರುಗಿ, "ಅಲ್ಲವಾ, ನೂರಾ ಹತ್ತರಾಗ ನನ್ನ ಸುಣ್ಣದ ಡಬ್ಬಿ ಲೆಕ್ಕಕ್ಕ ಹಿಡದಿ ಏನು?" ಅಂದ್ಲು. ಹಿಡದಿರಲಿಲ್ಲ! ಗೌಡ್ರ ನಕ್ಕಬಿಟ್ರು, ಕಟ್ಟಿನೂ ನಕ್ಕಿತು. ನೂರಾ ಹತ್ತ ಖಾಯಮ್ ಆತು. ಅವತ್ತ ಮನೋಳಿಗೆ ಹೋಗಿ ಮೊದಲ ಹಗ್ಗ ತಂದ್ವಿ, ಆಮ್ಯಾಲ ಡಬ್ಬಿ.

ಹಗ್ಗ ತಗೊಂಡ ಬರುಮುಂದ ದಾರ್ಯಾಗ ನಿಮ್ಮ ಅಜ್ಜ ಕೇಳಿದ್ರು, "ಅಷ್ಟ ಮಂದಿ ಮುಂದ ನೂರಾ ಹತ್ತ ಅಂದೆಲ್ಲ, ನಿನ್ನ ಕೈ ನಡಗಲಿಲ್ಲೇನ?" "ನಡಗಾಕತ್ತಿದ್ವು. ಸೆರಗಿನ್ಯಾಗ ಮುಚ್ಚಿಕೊಂಡಿದ್ನಿ" ಅಂದ್ನಿ.

ಕೈ ನಡಗಿದ್ರ ನಡಗಲಿ ಬಸ್ಯಾ, ದರಾ ಬಾಯಿಲೆ ಹೇಳಬೇಕು. ಹೂಂ, ಹಚ್ಚ ಕಿತ್ತೂರಿಗೆ ಫೋನು.