ಮೊಟ್ಟೆಯ ಮೇಲಿನ ಸೊನ್ನೆ

ಮುಟ್ಟಬೇಡ ಅಕ್ಕ. ನೋಡಬೇಡ ಅಂತ ನಾನೆಲ್ಲಿ ಅಂದೆ, ಡಬ್ಬಿ ಮುಚ್ಚಳ ತೆಗೆದು ಮೇಲಿಂದ ನೋಡು. ಎತ್ತಬೇಡ ಅಷ್ಟೆ. ಗೋಸುಂಬೆ ಮೊಟ್ಟೇನ ಇಟ್ಟ ಮಗ್ಗುಲಲ್ಲೇ ಬಿಡಬೇಕು. ಮಗ್ಗುಲು ತಿರುಗಿದ್ರೆ ಒಳಗಿನ ಮರಿ ಉಸಿರು ಕಟ್ಟಿ ಹೋಗುತ್ತೆ. ನಾವಿಬ್ರೂ ಅಕ್ಷರ ಕಲಿಯೋಕೆ ಮುಂಚೆ ಅಮ್ಮ ಕಲಿಸಿದ ಪಾಠ ಅದು.

ಯಾಕೆ ನಗ್ತೀಯ? ಹೂಂ... ಗೊತ್ತು, ದನದ ಡಾಕ್ಟರಿಗೇ ಪಾಠ ಹೇಳ್ತಿದೀನಿ. ನಗು, ನಗು. ನನಗಂತೂ ನಗೋಕೂ ತ್ರಾಣ ಇಲ್ಲ.

ಕೂತ್ಕೋ. ಆ ಸ್ಟೂಲ್ ಬೇಡ, ಕಾಲು ಮುರಿದಿದೆ. ಬಕೆಟ್ ಬೋರಲು ಹಾಕ್ಕೊಂಡು ಕೂತ್ಕೋ.

ಅಮ್ಮನಾ? ಮಲಗಿದಾಳೆ, ಪಕ್ಕದ ರೂಮಲ್ಲಿ. ಚೆನ್ನಾಗೇ ಇದಾಳೆ. ಇಲ್ಲ... ಆವತ್ತು ಗ್ಯಾಸ್ ಹಾಗೇ ಬಿಟ್ಟು ಹೋದಳಲ್ಲ, ಅದಾದ ಮೇಲೆ ಏನೂ ಆಗಿಲ್ಲ. ಇಲ್ಲ ಅಂದ್ನಲ್ಲ, ಹಾಗೆ ನೋಡಬೇಡ. ಇನ್ನೊಂದು ಸಲ ಏನಾದ್ರೂ ಆದ್ರೆ ವೃದ್ಧಾಶ್ರಮಕ್ಕೆ ಸೇರಿಸಿಬಿಡೋಣ ಅಂತ ನೀನು ಹೇಳಿದ್ದೆ, ನಾನೂ ತಲೆ ಆಡಿಸಿದ್ದೆ. ನೆನಪಿದೆ. ಮರೆವು ಬಂದಿರೋದು ಅಮ್ಮನಿಗೆ, ನನಗಲ್ಲ.

ಒಂದೊಂದು ದಿನ ನನ್ನನ್ನೇ ಸೋದರಮಾವ ಅಂದ್ಕೊಂಡು ಮಾತಾಡಿಸ್ತಾಳೆ, ನಿಜ. ಆದ್ರೆ ಈ ರೂಮಿಗೆ ಕಾಲಿಟ್ಲು ಅಂದ್ರೆ ಮುಗೀತು, ಹಳೇ ಅಮ್ಮನೇ. ಎಲೆ ಮೇಲೆಲ್ಲ ನೀರು ಚಿಮುಕಿಸ್ತಾಳೆ, ಶಾಖದ ಬಲ್ಬ್ ಗೂಡಿಗೆ ಹತ್ರ ಆಯ್ತು ಅಂತ ನನಗೆ ಗದರ್ತಾಳೆ. ಈ ಸಲ ಹೆಣ್ಣು ಗೋಸುಂಬೆ ಮಣ್ಣು ಕೆದಕೋಕೆ ಶುರು ಮಾಡಿದಾಗ ಗೂಡಿಗೆ ಬೆಡ್‌ಶೀಟ್ ಹೊದಿಸಿದ್ದು ಅವಳೇ. ಯಾರೋ ನೋಡ್ತಿದಾರೆ ಅನ್ನಿಸಿದ್ರೆ ಅದು ಅಗೆಯೋದು ಬಿಟ್ಟು, ಮೊಟ್ಟೆ ಹೊಟ್ಟೇಲೇ ಇಟ್ಕೊಂಡು ಸಾಯುತ್ತಲ್ಲ... ನಾನು ಸ್ವಲ್ಪ ಇಣುಕಿದೆ. 'ಹೆರಿಗೆ ನೋಡೋಕೆ ನಾಚಿಕೆ ಇಲ್ವೇನೋ' ಅಂತ ಕಿವಿ ಹಿಂಡಿ ಆಚೆ ತಳ್ಳಿದ್ಲು. ಈ ವಯಸ್ಸಲ್ಲಿ, ನನ್ನನ್ನ.

ಆ ಹೆಣ್ಣು ಮೊಟ್ಟೆ ಇಟ್ಟು ಕಣ್ಣು ಮುಚ್ಚಿತು. ಈ ಜಾತೀದು ಈಗ ಕಾಡಲ್ಲೂ ಸಿಕ್ತಿಲ್ಲವಂತೆ. ನಮ್ಮ ಹತ್ರ ಉಳಿದಿರೋದು ಆ ಮುದಿ ಗಂಡು, ಮತ್ತೆ ಈ ಡಬ್ಬಿ. ಅಮ್ಮ ಜೀವಮಾನ ಪೂರ್ತಿ ಸಾಕಿದ್ದಕ್ಕೆ ಇಷ್ಟೇ.

ಟಾರ್ಚ್ ಯಾಕೆ ತೆಗೆದೆ? ಬೇಡ. ಮೊನ್ನೆ ನಾನೇ ಬೆಳಕು ಹಿಡಿದು ನೋಡ್ದೆ. ಕೆಂಪು ನರ ಬಲೆ ಬಲೆಯಾಗಿ ಕಾಣ್ತಿತ್ತು. ಜೀವ ಇದೆ. ಹೂಂ, ಎಲ್ಲದರಲ್ಲೂ... ಸುಳ್ಳು ಹೇಳಿ ನನಗೇನು ಬರಬೇಕು?

ಚುಕ್ಕೆ? ಪೆನ್ಸಿಲ್‌ದು. ಮೇಲ್ಮಗ್ಗುಲು ಯಾವುದು ಅಂತ ಗೊತ್ತಾಗೋಕೆ ಇಡೋದು, ಹೊಸದಾಗಿ ನೋಡೋ ಹಾಗೆ ನೋಡ್ತೀಯಲ್ಲ. ಏನು... ಅಮ್ಮ ಸೊನ್ನೆ ಬರೀತಿದ್ಲಾ? ಇರಬಹುದಪ್ಪ. ಈಗ ಕೈ ನಡುಗುತ್ತೆ, ಸೊನ್ನೆ ಸುತ್ತೋಕೆ ಆಗದೆ ಚುಕ್ಕೆ ಇಟ್ಟಿರಬೇಕು. ಮುಚ್ಚು ಇನ್ನು.

ಅಕ್ಕ, ಎತ್ತಬೇಡ ಅಂದೆ. ಎತ್ತಬೇಡ...

ತಿರುಗಿಸಿ ಅಡಿ ನೋಡಿದ್ಯಾ?

ಬೇಕಾದ್ರೆ ಬೈ.

ಹೌದು. ಅಡಿಯಲ್ಲಿರೋದು ಅಮ್ಮನ ಸೊನ್ನೆ. ಅದೊಂದರದ್ದು ಪೂರ್ತಿ ಅಳಿಸಿಲ್ಲ, ನಾನೂ ಗಮನಿಸಲಿಲ್ಲ. ತೊಳೆದ್ಲು ಅಕ್ಕ. ಎಲ್ಲಾನೂ. ನಾನು ಸ್ನಾನ ಮಾಡಿ ಬರೋ ಅಷ್ಟರಲ್ಲಿ ತೊಳೆದು, ಬಟ್ಟೇಲಿ ಒರೆಸಿ, ಪಾತ್ರೇಲಿ ಹಾಕ್ಕೊಂಡು ಒಲೆ ಹಚ್ಚೋಕೆ ನಿಂತಿದ್ಲು. 'ಅಂಗಡಿಯವನು ಮೋಸ ಮಾಡಿದಾನೆ ಕಣೋ, ಎಷ್ಟು ಚಿಕ್ಕ ಮೊಟ್ಟೆ ಕೊಟ್ಟಿದಾನೆ ನೋಡು' ಅಂದ್ಲು. ಪಾತ್ರೆ ಇಸ್ಕೊಂಡು ಬಂದೆ, ಸಿಕ್ಕ ಹಾಗೆ ಡಬ್ಬಿಯಲ್ಲಿ ಜೋಡಿಸಿದೆ. ಚುಕ್ಕೆ ಇಟ್ಟಿದ್ದು ನಾನು. ನೀನು ಬರ್ತೀಯ ಅಂತ. ಬೆಳಕು ಹಿಡಿದು ನೋಡೋ ಧೈರ್ಯ ಇವತ್ತಿಗೂ ಬಂದಿಲ್ಲ.

ಅವಳನ್ನ ಕಳಿಸಬೇಡ ಅಕ್ಕ. ನನಗೆ ಸುಸ್ತಾಗಿದೆ, ಆದ್ರೂ ಕಳಿಸಬೇಡ.

ಶ್... ಎದ್ಲು.

ಬಾಮ್ಮ. ನಿಧಾನ, ಹೊಸ್ತಿಲು ಇದೆ. ನೋಡು, ಅಕ್ಕ ಬಂದಿದಾಳೆ. ಇಲ್ಲಮ್ಮ, ಇನ್ನೂ ಒಡೆದಿಲ್ಲ. ಇಲ್ಲ, ಯಾರೂ ತಿರುಗಿಸಿಲ್ಲ, ನೀನಿಟ್ಟ ಹಾಗೇ ಇವೆ. ಯಾರೂ ಮುಟ್ಟಿಲ್ಲಮ್ಮ. ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಅಕ್ಕನ್ನೇ ಕೇಳು, ಅವಳು ಡಾಕ್ಟರಲ್ವಾ.

ಅಕ್ಕ... ಅಮ್ಮ ಕೇಳ್ತಿದಾಳೆ.