ಮಂಗಳವಾರದ ಮಗ್ಗುಲು

"ಕಲ್ಲೇಶಣ್ಣನ್ನ ಗೋಡೆ ಕಡೆ ಹೊರಳ್ಸಿದ್ದು ನೀನಲ್ವೇನೇ?"

"ಅಯ್ಯೋ, ನಾನಲ್ಲ ಕಣೇ ಸಂಗೀತಾ! ನಾನು ಮುಟ್ಟೋಕ್ ಮುಂಚೇನೇ ಹೊರಳಿರ್ತಾರೆ."

ಅಜ್ಜಂಪುರದ ಬಸ್ಸಿನಲ್ಲಿ, ಆರೈಕೆ ಕೇಂದ್ರದ ಆ ಇಬ್ಬರು ಹುಡುಗಿಯರ ಹಿಂದಿನ ಸೀಟಿನಲ್ಲೇ ಕಲ್ಲೇಶನ ತಾಯಿ ಕಾಶಮ್ಮ ಕೂತಿದ್ದಳು. ಮಡಿಲಲ್ಲಿ ಮಗನಿಗೆಂದು ಒಗೆದು ತಂದ ದುಪ್ಪಟಿ.

"ಆರು ವರ್ಷದಿಂದ ಬೆರಳೂ ಅಲ್ಲಾಡ್ಸಿಲ್ಲ. ಎರಡೆರಡು ಗಂಟೆಗೆ ನಾವೇ ತಾನೇ ಮಗ್ಗುಲು ಬದಲಾಯ್ಸೋದು?"

"ಮಂಗ್ಳವಾರ ಮಾತ್ರ ಹಿಂಗೆ ಕಣೇ. ಅವರಮ್ಮ ಬರೋ ಹೊತ್ಗೆ ಬಾಗ್ಲಿಗೆ ಬೆನ್ನು ಹಾಕ್ಬಿಟ್ಟಿರ್ತಾರೆ."

"ಅಮ್ಮಂಗೆ ಗೊತ್ತಾ?"

"ಹೆಂಗೇ ಹೇಳ್ಲಿ? ಅವ್ರು ಒಳಗ್ ಬರೋದ್ರೊಳಗೆ ನಾನೇ ಈ ಕಡೆ ತಿರುಗಿಸ್ಬಿಡ್ತೀನಿ. ಏಳು ಏಳು, ಇವತ್ತೂ ಮಂಗ್ಳವಾರ."

ಕೇಂದ್ರದ ಮುಂದೆ ಇಬ್ಬರೂ ಅವಸರದಿಂದ ಇಳಿದು ಹೋದರು.

"ಇಳಿಯಲ್ವೇನಜ್ಜಿ?" ಎಂದ ಕಂಡಕ್ಟರ್.

ಕಾಶಮ್ಮ ದುಪ್ಪಟಿಯನ್ನು ಎದೆಗವಚಿಕೊಂಡು ಕಿಟಕಿಯ ಕಡೆಗೆ ಮಗ್ಗುಲಾದಳು. ಬಸ್ಸು ಹೊರಟಿತು.